ಸಾಹುಕಾರ್ತಿಯ ಬೈಗುಳ

“ಆ ಪುಸ್ತಕ ಇಲ್ಲಿ ಕೊಡು. ಮುಂದಿನ ಕಥೆ ನಾನೇ ಮನೇಲಿ ಓದ್ಕೊಳ್ತೀನಿ,” ಎಂದು ಹೊಲಿಗೆ ಅಂಗಡಿಯ ಒಡತಿ ಕೈಚಾಚಿದಾಗ, ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುವವಳು ಅದನ್ನು ಎದೆಗವಚಿಕೊಂಡಳು.

“ಬೇಡ ಅಕ್ಕಾವ್ರೇ, ಅಕ್ಷರ ತುಂಬಾ ಸಣ್ಣದು. ಕಣ್ಣಿಗೆ ತ್ರಾಸು.”

“ಸೂಜಿಗೆ ದಾರ ಪೋಣಿಸೋ ಕಣ್ಣು ಕಣೇ ಇದು. ಕೊಡು!”

ಪುಸ್ತಕ ಒಡತಿಯ ಚೀಲ ಸೇರಿತು. ಅದರ ಜೊತೆಗೆ ತನ್ನ ಕೆಲಸವೂ ಚೀಲ ಸೇರಿತೆಂದೇ ಕಾಜಾದವಳಿಗೆ ಅನ್ನಿಸಿತು.

ಆ ಅಂಗಡಿಯಲ್ಲೊಂದು ರೂಢಿ. ಮಧ್ಯಾಹ್ನದ ಊಟವಾದ ಮೇಲೆ ಒಬ್ಬರು ಗಟ್ಟಿಯಾಗಿ ಏನಾದರೂ ಓದಬೇಕು, ಉಳಿದವರು ಕೈಕೆಲಸ ಮಾಡುತ್ತಾ ಕೇಳಬೇಕು. ಓದುವವರ ಪಾಲಿನ ಹೊಲಿಗೆಯನ್ನು ಕೇಳುವವರು ಹಂಚಿಕೊಳ್ಳಬೇಕು. ಯಾರೂ ತೂಕಡಿಸದಿರಲಿ ಎಂದು ಒಡತಿಯೇ ಮಾಡಿದ ಏರ್ಪಾಡು. ಸಂಜೆ ತರಗತಿಗೆ ಹೋಗುವವಳೆಂದು ಓದುವ ಭಾರ ಕಾಜಾದವಳ ತಲೆಗೆ ಬಿತ್ತು. ಇವಳು ತಂದದ್ದು ತರಗತಿಯಲ್ಲಿ ಪಾಠಕ್ಕಿದ್ದ ಹಳೆಯ ಕಾದಂಬರಿ. ಅದರಲ್ಲೊಂದು ದೊಡ್ಡ ಮನೆ, ಒಬ್ಬಳು ಸಾಹುಕಾರ್ತಿ, ಅವಳ ಕೈಕೆಳಗೊಬ್ಬಳು ಅಡುಗೆಯವಳು. ಮೊದಲ ದಿನವೇ ಎಡವಟ್ಟಾಯಿತು. ಸಾಹುಕಾರ್ತಿ ತೊಳೆದ ಪಾತ್ರೆಯ ಮೇಲೆ ಉಗುರೆಳೆದು, “ಇದು ಯಾರ ಕೈ? ಕೈಯೋ, ಕಾಲೋ?” ಎಂದು ಅಬ್ಬರಿಸುತ್ತಾಳೆ. ಒಡತಿಯೂ ಹೊಲಿಗೆಯ ಮೇಲೆ ಹಾಗೇ ಉಗುರೆಳೆಯುತ್ತಿದ್ದಳು, ಹಾಗೇ ಅಬ್ಬರಿಸುತ್ತಿದ್ದಳು, ಒಂದಕ್ಷರ ಆಚೀಚೆ ಇಲ್ಲ! ಆ ಸಾಲು ಕಾಜಾದವಳ ಗಂಟಲಲ್ಲೇ ಸಿಕ್ಕಿಕೊಂಡು, ಬಾಯಿಂದ ಹೊರಬಿದ್ದದ್ದು ಬೇರೆಯೇ: “ದಣಿದಿದ್ದೀಯ, ಸ್ವಲ್ಪ ಕೂತ್ಕೋ.”

ಒಂದು ಸುಳ್ಳು ತನ್ನ ಬಳಗವನ್ನೆಲ್ಲ ಕರೆತರದೆ ಬಿಡುತ್ತದೆಯೇ? ಬರಬರುತ್ತಾ ಸಾಹುಕಾರ್ತಿ ಬೆಣ್ಣೆಯಂಥವಳಾದಳು. ಅಡುಗೆಯವಳು ಜ್ವರ ಬಂದು ಮಲಗಿದರೆ ತಾನೇ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಳು. “ಇಂಥೋರು ಸಿಕ್ಕಿದ್ರೆ ನಾನು ಪುಕ್ಕಟೆ ದುಡೀತೀನಪ್ಪ,” ಎಂದ ಅಂಗಡಿಯ ಇಸ್ತ್ರಿಯಣ್ಣ. ಒಡತಿ ಮೂಗೊರೆಸಿಕೊಂಡಳು. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಮೊನ್ನೆ ಇಸ್ತ್ರಿಯಣ್ಣ ಒಂದು ಕಾಲರ್ ಸುಟ್ಟಾಗ, ಎಲ್ಲರೂ ಉಸಿರು ಬಿಗಿಹಿಡಿದು ಸಿಡಿಲಿಗೆ ಕಾದರೆ, ಒಡತಿ, “ದಣಿದಿದ್ದೀಯ, ಸ್ವಲ್ಪ ಕೂತ್ಕೋ,” ಎಂದುಬಿಟ್ಟಳು. ಇಸ್ತ್ರಿಯಣ್ಣ ಎಷ್ಟು ಹೆದರಿದನೆಂದರೆ ಸಂಜೆಯವರೆಗೂ ಕೂರಲೇ ಇಲ್ಲ.

ಪುಸ್ತಕ ಕಳೆದುಕೊಂಡ ಸಂಜೆ ತರಗತಿಯಲ್ಲೂ ಗ್ರಹಚಾರ ಬೆನ್ನು ಬಿಡಲಿಲ್ಲ. ಕಾದಂಬರಿಯಲ್ಲಿ ಯಾರಿಗೆ ಯಾರ ಮೇಲೆ ಅಧಿಕಾರ, ಅದು ನಮಗೆ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಗೆ ಇವಳು ಕಷ್ಟಪಟ್ಟು ಬರೆದಿದ್ದ ಉತ್ತರ ಮೇಷ್ಟ್ರ ಕೈಯಲ್ಲಿತ್ತು.

“ಸಾಹುಕಾರ್ತಿ ಅಡುಗೆಯವಳ ಹಣೆಗೆ ಒದ್ದೆ ಬಟ್ಟೆ ಹಾಕಿದ್ಲು ಅಂತ ಬರೆದಿದ್ದೀಯಲ್ಲಮ್ಮ, ಯಾವ ಅಧ್ಯಾಯ ಇದು?”

ಪುಸ್ತಕದ್ದು ಯಾವುದು, ತಾನು ಹೆಣೆದದ್ದು ಯಾವುದು ಎಂದು ಕಾಜಾದವಳಿಗೇ ತಿಳಿಯದಷ್ಟು ಎಲ್ಲ ಕಲಸಿಹೋಗಿತ್ತು.

“ಅದು... ನಾನು ಸೇರಿಸಿದ್ದು ಸಾರ್. ಅವಳು ಬೈಯೋದನ್ನ ಓದೋಕೆ ಭಯ ಆಗತ್ತೆ.”

“ಪುಸ್ತಕದೊಳಗಿರೋಳು ನಿನಗೇನಮ್ಮ ಮಾಡ್ತಾಳೆ?” ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. “ನಾಳೆ ಹೊಸದಾಗಿ ಬರೆದು ತಾ.”

ಮರುದಿನ ಬೆಳಿಗ್ಗೆ, ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಬಂದರೆ, ಒಡತಿ ಆಗಲೇ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಪುಸ್ತಕ.

“ಬಾರಮ್ಮ, ಕವಯಿತ್ರಿ! ಆ ಒದ್ದೆ ಬಟ್ಟೆ ಎಲ್ಲಿ ಅಂತ ಇಡೀ ಪುಸ್ತಕ ಜಾಲಾಡಿದೆ. ಆ ಹೆಂಗಸು ಬಾಯಿ ತೆಗೆದ್ರೆ ಬೆಂಕಿ!”

ಬಾಯಿಪಾಠ ಮರೆತೇಹೋಯಿತು. “ತಪ್ಪಾಯ್ತು ಅಕ್ಕಾವ್ರೇ. ಕೆಲಸದಿಂದ ಮಾತ್ರ ತೆಗೀಬೇಡಿ.”

“ಕೆಲಸದ ಮಾತು ಯಾರೇ ಎತ್ತಿದ್ರು ಈಗ? ಅವಳನ್ನ ಯಾಕೆ ಅಷ್ಟು ಒಳ್ಳೆಯೋಳು ಮಾಡ್ದೆ? ಅದು ಹೇಳು.”

ಕಾಜಾದವಳು ನೆಲ ನೋಡಿದಳು. ಇಸ್ತ್ರಿಯಣ್ಣ ಇನ್ನೂ ಕಾಯದ ಇಸ್ತ್ರಿಪೆಟ್ಟಿಗೆಯನ್ನೇ ಬರಿಯ ಮೇಜಿನ ಮೇಲೆ ರಭಸದಿಂದ ಉಜ್ಜತೊಡಗಿದ. ಒಡತಿ ಇವಳನ್ನು ನೋಡಿದಳು, ಅವನನ್ನು ನೋಡಿದಳು.

“ಓಹೋ. ಹಾಗೋ ವಿಷಯ?” ಎಂದು ಪುಸ್ತಕ ಮುಂದೆ ತಳ್ಳಿದಳು. “ಮಧ್ಯಾಹ್ನದವರೆಗೆ ಕಾಯೋದೇನೂ ಬೇಡ. ಇದ್ದದ್ದನ್ನ ಇದ್ದ ಹಾಗೇ ಓದು. ಒಂದಕ್ಷರ ನುಂಗಿದ್ರೆ ನೋಡು ಮತ್ತೆ!”

ಓದಿದಳು. ಧ್ವನಿ ಹೊಲಿಗೆ ಬಿಟ್ಟ ಬಟ್ಟೆಯಂತೆ ಎಲ್ಲೆಲ್ಲೋ ಜಾರುತ್ತಿತ್ತು. “ಇದು ಯಾರ ಕೈ? ಕೈಯೋ, ಕಾಲೋ?” ಎಂಬಲ್ಲಿಗೆ ಬಂದಾಗ ಮಿಷನ್ನುಗಳೆಲ್ಲ ಒಮ್ಮೆಗೇ ನಿಂತವು. ಯಾರೂ ತಲೆಯೆತ್ತಲಿಲ್ಲ.

“ಅಯ್ಯಯ್ಯೋ, ಥೇಟ್ ನಾನೇ ಕಣ್ರೋ!” ಎಂದು ಒಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ಇಸ್ತ್ರಿಯಣ್ಣ ನಕ್ಕ. ಆಮೇಲೆ ಮಿಷನ್ನುಗಳ ಹಿಂದಿದ್ದವರು ಒಬ್ಬೊಬ್ಬರಾಗಿ ನಕ್ಕರು. ಕಾಜಾದವಳೂ ನಕ್ಕಳು. ಒಡತಿ ಸುಸ್ತಾಗಿ, ಕಣ್ಣಂಚಿನ ನೀರು ತೆಗೆಯಲು ನಗು ನಿಲ್ಲಿಸಿದಳು. ಅಂಗಡಿಯ ನಗುವೂ ಕತ್ತರಿಸಿದಂತೆ ನಿಂತಿತು.

ಒಡತಿ ಸುತ್ತಲೂ ನೋಡಿದಳು. ಆಮೇಲೆ, ಹೊಸ ಮಿಷನ್ನನ್ನು ಪರೀಕ್ಷಿಸುವವಳಂತೆ, ಮೆಲ್ಲಗೆ “ಹ್ಹ” ಎಂದಳು.

ಇಡೀ ಅಂಗಡಿ “ಹ್ಹ” ಎಂದಿತು.