ಬಕೆಟ್ಟಿನ ಅಂಚಿನ ಹುಳು

ಬಕೆಟ್ಟಿನ ಅಂಚಿಗೆ ಬಂದು ಕೂತ ಕೆಂಪು ಹುಳು ಒಳಗೆ ಬೀಳಲಿಲ್ಲ. ಸೊಂಡಿಲಿನಂಥ ಮೂತಿಯನ್ನು ಅತ್ತಿತ್ತ ಆಡಿಸುತ್ತಾ, ಏನನ್ನೋ ಯೋಚಿಸುವಂತೆ ಕೂತೇ ಇತ್ತು. ಆಂಜನಪ್ಪ ಉಸಿರು ಬಿಗಿಹಿಡಿದು ನೋಡಿದ. ತೆಂಗಿನ ಕಾಂಡ ಕೊರೆಯುವ ಈ ಹುಳುಗಳನ್ನು ಗಂಡುಹುಳುವಿನ ವಾಸನೆಯ ಪೊಟ್ಟಣದಿಂದ ಕರೆದು ನೀರಿಗೆ ಕೆಡವುವ ಬಕೆಟ್ಟದು. ಕಣ್ಣೆದುರಿಗೇ ಇರಲಿ ಎಂದು ಅವನು ಅದನ್ನು ತೋಟದ ನಟ್ಟನಡುವೆ, ಚೆನ್ನಾಗಿ ಬಂದಿದ್ದ ಎಳೆಯ ಮರಕ್ಕೇ ಕಟ್ಟಿದ್ದ. ದಿನಾ ಬೆಳಿಗ್ಗೆ ಬಿದ್ದ ಹುಳುಗಳ ಫೋಟೊ ತೆಗೆದು ತನ್ನೂರು ಕಡಬದವರಿಗೆಲ್ಲ ಕಳಿಸುವುದೇ ಅವನಿಗೊಂದು ಹಬ್ಬ.

"ನಮ್ಮಷ್ಟು ಹುಳ ಯಾರ್ ಬಕೆಟ್ಗೂ ಬಿದ್ದಿಲ್ಲ ಕಣೇ," ಎಂದ.

ಪೊರಕೆಕಡ್ಡಿ ಸೀಳುತ್ತಿದ್ದ ಹೆಂಡತಿ ರಂಗಲಕ್ಷ್ಮಮ್ಮ ತಲೆಯೆತ್ತಿದಳು. "ಅಲ್ಲಾ, ಇದನ್ನ ಕಟ್ಟೋಕ್ ಮುಂಚೆ ನಮ್ ತೋಟದಲ್ಲಿ ಒಂದ್ ಹುಳಾನೂ ಕಂಡಿರ್ಲಿಲ್ಲ. ಈಗ ಇಷ್ಟೊಂದು ಎಲ್ಲಿಂದ ಬತ್ತವೆ?"

"ಅಕ್ಕಪಕ್ಕದ ತೋಟದಿಂದ. ವಾಸ್ನೆ ಹಿಡ್ಕಂಡು ಬತ್ತವೆ."

"ಬಂದಿದ್ದೆಲ್ಲಾ ಬಕೆಟ್ಗೇ ಬೀಳ್ತವಾ?"

ಆಂಜನಪ್ಪ ಬಕೆಟ್ಟಿನತ್ತ ತಿರುಗಿದ. ಅಂಚಿನಲ್ಲಿದ್ದ ಹುಳು ಆಗಲೇ ತಿರುಗಿ, ಬಕೆಟ್ಟು ಕಟ್ಟಿದ್ದ ಹಗ್ಗದ ಮೇಲೆ ಕಾಲಿಟ್ಟಿತ್ತು. ಕರೆದ ಮನೆಗೆ ಬಂದ ನೆಂಟನ ಹಾಗೆ, ಅವಸರವೇ ಇಲ್ಲದೆ ಕಾಂಡಕ್ಕೆ ದಾಟಿ, ಗರಿಯ ಬುಡದ ಸಂದಿನಲ್ಲಿ ಮರೆಯಾಯಿತು.

ಅವನು ಮೆಲ್ಲಗೆ ಮರವನ್ನು ತಬ್ಬಿ ಕಿವಿಯಿಟ್ಟ. ಒಳಗೆ ಕರಕರ ಸದ್ದು. ಮೊದಲು ಬಂದವರು ಆಗಲೇ ಊಟಕ್ಕೆ ಕೂತಿದ್ದರು.