ಚಂದ್ರಿಕೆಯ ಮೇಲೆ ಬಂದವಳು

ಪೊಲೀಸ್ ಭರ್ತಿಗೆ ಭಾನುಪ್ರಿಯ ಬಂದದ್ದು ಚಂದ್ರಿಕೆಯ ಮೇಲೆ ಮಲಗಿಕೊಂಡು. ರೇಷ್ಮೆ ಹುಳು ಹಣ್ಣಾದಾಗ ಗೂಡು ಕಟ್ಟಲಿ ಎಂದು ಬಿಡುತ್ತಾರಲ್ಲ, ಆ ಆಳೆತ್ತರದ ಬಿದಿರಿನ ತಟ್ಟೆ. ಅಪ್ಪ ಮರಿಯಪ್ಪ ಅದರ ಸುರುಳಿಗಳನ್ನೆಲ್ಲ ಕಿತ್ತು, ಕಂಬಳಿ ಹಾಸಿ, ಮಗಳನ್ನು ನೆಟ್ಟಗೆ ಮಲಗಿಸಿ, ಮರಳವಾಡಿಯಿಂದ ರಾಮನಗರದವರೆಗೆ ಗೂಡಿನ ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದ. ದಾರಿಯಲ್ಲಿ ಕಂಡವರೆಲ್ಲ ಯಾರಿಗೆ ಏನಾಯ್ತು ಎಂದು ಕೇಳಿದ್ದೇ ಕೇಳಿದ್ದು. ಏನೂ ಆಗಿರಲಿಲ್ಲ. ಹೋದ ಸಲದ ಭರ್ತಿಯಲ್ಲಿ ಬೇಕಾದ ಎತ್ತರಕ್ಕೆ ಅವಳು ಅರ್ಧ ಸೆಂಟಿಮೀಟರ್ ಕಮ್ಮಿ ಬಿದ್ದಿದ್ದಳು, ಅಷ್ಟೆ. ಮನುಷ್ಯ ಮಲಗಿ ಎದ್ದಾಗ ಚೂರು ಉದ್ದ ಇರುತ್ತಾನೆ, ನಿಂತಷ್ಟೂ ಓಡಾಡಿದಷ್ಟೂ ಕುಗ್ಗುತ್ತಾನೆ ಎಂದು ಶಾಲೆಯ ಡ್ರಿಲ್ ಮೇಷ್ಟ್ರು ಹೇಳಿದ್ದರು. ಸರಿ, ಮರಿಯಪ್ಪ ಮಗಳ ಕಾಲನ್ನು ನೆಲಕ್ಕೆ ತಾಗಿಸಲೇ ಇಲ್ಲ.

ಮೈದಾನಕ್ಕೆ ಬಂದರೆ, ಅಯ್ಯೋ ಶಿವನೇ, ಹುಡುಗಿಯರ ಸಾಲು ಹನುಮಂತನ ಬಾಲ! ರಾಮನಗರ ಹೊಸದಾಗಿ ಜಿಲ್ಲೆಯಾಗಿತ್ತು, ಜಿಲ್ಲೆಗೆ ಪೊಲೀಸರು ಬೇಕಾಗಿತ್ತು. ಮರಿಯಪ್ಪ ನಾಚಿಕೆಪಡಲಿಲ್ಲ. ಚಂದ್ರಿಕೆಯನ್ನು ಸಾಲಿನಲ್ಲೇ ಇಳಿಸಿದ. ಸಾಲು ಒಂದು ಹೆಜ್ಜೆ ಸರಿದರೆ ತಾನೂ ಮಗಳನ್ನು ಅಷ್ಟು ದೂರ ಎಳೆದ.

"ಏನ್ ಯಜಮಾನ್ರೇ, ಹುಳ ಹಣ್ಣಾಗೈತಾ?" ಎಂದು ಕಡ್ಲೆಕಾಯಿ ಮಾರುವವನೊಬ್ಬ ನಕ್ಕ.

"ಆಗೈತೆ ಕಣ್ಲಾ. ಇವತ್ತು ಗೂಡು ಕಟ್ಟಬೇಕು," ಎಂದ ಮರಿಯಪ್ಪ. ಅವನು ನಗಲಿಲ್ಲ.

ನಗುವವರು ನಗಲಿ ಎಂದು ಭಾನುಪ್ರಿಯ ಮಲಗಿದ್ದಲ್ಲಿಂದಲೇ ಬೇಲಿಯಾಚೆ ನೋಡುತ್ತಿದ್ದಳು. ಒಳಗೆ, ಅಳತೆಯ ಕೋಲಿನ ಪಕ್ಕ ನಿಂತ ಮಹಿಳಾ ಪೊಲೀಸಿನ ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು. ಭಾನುಪ್ರಿಯಳ ಆಸೆಯೆಲ್ಲ ಆ ಪಟ್ಟಿಯ ಮೇಲೇ. ಬಿಡದಿಯ ಕಾರ್ಖಾನೆಯಲ್ಲಿ ಅವಳು ಬರೀ ಟೋಕನ್ ನಂಬರು. "ಏಯ್ ನಲವತ್ತೇಳು" ಎಂದು ಸೂಪರ್‌ವೈಸರ್ ಕೂಗಿದರೆ ಓಡಬೇಕು. ಸೇರಿ ಇಷ್ಟು ವರ್ಷವಾದರೂ ಅಲ್ಲಿ ಹೆಸರು ಹಿಡಿದು ಕರೆದವರೊಬ್ಬರಿಲ್ಲ. ಎದೆಯ ಮೇಲೆ ಹೆಸರು ಹಾಕಿಕೊಂಡು, ಓದಬಲ್ಲವರೆಲ್ಲ ಓದುವ ಹಾಗೆ, ಒಂದು ದಿನವಾದರೂ ಸಂತೆಯಲ್ಲಿ ನಡೆಯಬೇಕು. ಸಂಬಳವೂ ಆಮೇಲಿನ ಮಾತು. ವಯಸ್ಸಿನ ಮಿತಿ ಈ ಸಲಕ್ಕೇ ಮುಗಿಯುತ್ತಿತ್ತು, ಇನ್ನೊಂದು ಸಲ ಎನ್ನುವಂತಿರಲಿಲ್ಲ.

ಬಿಸಿಲೇರಿತು. ಅವಳ ಹಿಂದೆಯೇ ನಿಂತಿದ್ದ ಹುಡುಗಿ ದೊಪ್ಪೆಂದು ಬಿದ್ದಳು. ಚನ್ನಪಟ್ಟಣದ ದಿಲ್ಶಾದ್ ಅಂತೆ. ಓಡುವಾಗ ಹೊಟ್ಟೆ ಭಾರವಾದೀತೆಂದು ಏನೂ ತಿನ್ನದೆ ಬಂದಿದ್ದಳು. ಸಾಲಿನವರೆಲ್ಲ ಅಯ್ಯೋ ಪಾಪ ಎಂದರು. ಕದಲಿದವರು ಮಾತ್ರ ಯಾರೂ ಇಲ್ಲ. ಕದಲಿದರೆ ಜಾಗ ಹೋಗುತ್ತದಲ್ಲ!

ಭಾನುಪ್ರಿಯ ಎದ್ದು ಕೂತಳು. ಮರಿಯಪ್ಪ ಅವಳ ಭುಜ ಹಿಡಿದು ಒತ್ತಿದ.

"ಏಳ್ಬ್ಯಾಡ ಕಣವ್ವಾ! ನಾನು ನೋಡ್ಕತೀನಿ, ನೀನು ಮಲಕ್ಕೋ!"

"ಕಾದ ನೆಲದ ಮ್ಯಾಲೆ ಬಿದ್ದವ್ಳೆ ಕಣಪ್ಪಾ. ಇಲ್ಲಿಗೆ ತಂದು ಮಲಗ್ಸಾನ, ಕಾಲು ಹಿಡ್ಕೋ."

"ನಿನ್ನ ಹಣೇಬರ ನೀನೇ ಹಾಳು ಮಾಡ್ಕತಾ ಇದೀಯ, ಹೇಳಿವ್ನಿ!" ಎಂದು ರೇಗುತ್ತಲೇ ಮರಿಯಪ್ಪ ಕಾಲು ಹಿಡಿದ. ಭಾನುಪ್ರಿಯ ರಸ್ತೆ ದಾಟಿ ಓಡಿ ಸೋಡಾ ತಂದಳು, ಬನ್ನು ತಂದಳು, ದುಪಟ್ಟಾ ಹರವಿ ನೆರಳು ಹಿಡಿದು ನಿಂತಳು. ದಿಲ್ಶಾದ್ ಕಣ್ಣು ಬಿಟ್ಟಳಾದರೂ ಏಳಲು ಹೋದಾಗಲೆಲ್ಲ ತಲೆ ಸುತ್ತುತ್ತಿತ್ತು. ಇವಳು ಬೇಗ ಏಳಬಾರದೇ ಎಂದು ಭಾನುಪ್ರಿಯಳಿಗೆ ಅನಿಸದೆ ಇರಲಿಲ್ಲ. ಅನಿಸಿತು, ಅಳುವೂ ಬಂತು. ಆದರೂ "ಒಸಿ ಹೊತ್ತು ಮಲಕ್ಕೊಳ್ಳವ್ವ" ಎಂದೇ ಹೇಳಿದಳು. ಸಾಲು ಸರಿದಂತೆ ಮರಿಯಪ್ಪ ಗೊಣಗಿಕೊಂಡೇ ಆ ಹುಡುಗಿಯನ್ನು ಎಳೆದ. ಗೇಟು ಮುಟ್ಟಿದ ಮೇಲೇ ದಿಲ್ಶಾದ್ ಎದ್ದದ್ದು, ಅಲ್ಲಿಯವರೆಗೂ ಭಾನುಪ್ರಿಯ ನಿಂತೇ ಇದ್ದಳು.

ಅಳತೆಯ ಕೋಲಿಗೆ ಬೆನ್ನು ಕೊಟ್ಟಾಗ ಭಾನುಪ್ರಿಯ ಉಸಿರು ಬಿಗಿಹಿಡಿದಳು.

"ಹಿಮ್ಮಡಿ ಎತ್ತಬಾರದಮ್ಮ," ಎಂದಳು ಮಹಿಳಾ ಪೊಲೀಸ್. ಒಂದು ಸಲ ಅಳೆದಳು. ಮುಖ ನೋಡಿ, ಕೇಳದೆಯೇ ಇನ್ನೊಂದು ಸಲ ಅಳೆದಳು. "ಇಲ್ಲ ಕಣಮ್ಮ, ಚೂರೇ ಚೂರು ಕಮ್ಮಿ. ಬೆಳಗ್ಗೇನೇ ನಿನ್ನ ಸರದಿ ಬಂದಿದ್ರೆ ಆಗೋಗ್ತಿತ್ತೇನೋ."

ಹೊರಗೆ ಮರಿಯಪ್ಪನಿಗೆ ಮಗಳ ನಡಿಗೆಯಲ್ಲೇ ಗೊತ್ತಾಯಿತು. ಚಂದ್ರಿಕೆಯನ್ನು ಟೆಂಪೋಗೆ ಏರಿಸಿದ. ಬಂದ ರೂಢಿಯಲ್ಲೇ ಕಂಬಳಿ ಹಾಸಿ, "ಬಾ ಮಗ, ಮಲಕ್ಕೋ," ಎಂದ.

"ಇನ್ಯಾಕಪ್ಪಾ? ಇನ್ನು ಯಾರು ಅಳೀತಾರೆ ನನ್ನ?"

ಮರಿಯಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಡ್ರೈವರ್ ಪಕ್ಕ ಹೋಗಿ ಕೂತ. ಭಾನುಪ್ರಿಯ ಹಿಂದೆ ಸರಳು ಹಿಡಿದು ನಿಂತುಕೊಂಡಳು. ಟೆಂಪೋ ಹೊರಟಿತು. ಆಗ ಗೇಟಿನಿಂದ ದಿಲ್ಶಾದ್ ಓಡಿ ಬಂದಳು.

"ಅಕ್ಕಾ! ಎತ್ತರದಲ್ಲಿ ಪಾಸಾದೆ ಅಕ್ಕಾ! ಕೂದಲೆಳೆಯಷ್ಟರಲ್ಲಿ ಪಾಸು! ನಿಮ್ಮ ಚಂದ್ರಿಕೆಯಿಂದ ಅಕ್ಕಾ!" ಓಡುತ್ತಾ ಏದುಸಿರು ಬಿಟ್ಟಳು. "ಅಕ್ಕಾ, ನಿಮ್ಮ ಹೆಸರೇ ಕೇಳಲಿಲ್ಲ. ಹೆಸರೇನಕ್ಕಾ?"

ಟೆಂಪೋ ವೇಗ ಹಿಡಿದಿತ್ತು. ಭಾನುಪ್ರಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದು, ಹಿಮ್ಮಡಿ ಎತ್ತಿ, ಆದಷ್ಟೂ ಉದ್ದಕ್ಕೆ ನಿಂತು ಕೂಗಿದಳು:

"ಭಾನುಪ್ರಿಯ! ಮರಳವಾಡಿ ಭಾನುಪ್ರಿಯ!"