ನಾಗವ್ವ ಅದ್ದಿದ ಸೇಬು

ಮೂವತ್ತೊಂಬತ್ತನೆಯ ಸೇಬನ್ನು ಚಂಬಿನಲ್ಲಿ ಅದ್ದುತ್ತಿರುವಾಗ ನಾಗವ್ವ ಸಿಕ್ಕಿಬಿದ್ದಳು.

ಹಿಡಿದವನು ಶ್ರೀರಂಗ. ಹೇಸ್ ಎಂಬ ಇಂಗ್ಲಿಷ್ ಊರಿನಲ್ಲಿ ಕೌನ್ಸಿಲ್‌ನವರು ತುಂಡು ತುಂಡಾಗಿ ಬಾಡಿಗೆಗೆ ಕೊಡುವ ತೋಟಗಳ ಸಂಘಕ್ಕೆ ಸೆಕ್ರೆಟರಿ. ಮೈಸೂರಿನವನು, ಪಕ್ಕಾ ರೂಲ್ಸಿನ ಆಸಾಮಿ. ಕಳೆ ಒಂದು ಗೇಣು ಎದ್ದರೂ ನೋಟಿಸ್ ಕೊಡುವವನು. ಆ ದಿನ ಬೆಳಿಗ್ಗೆ ಎಂಟಕ್ಕೇ ಬಂದು ಶೆಡ್ಡಿನ ಮರೆಯಲ್ಲಿ ಕಾದು ನಿಂತಿದ್ದ.

ಅನುಮಾನಕ್ಕೆ ಕಾರಣವಿತ್ತು. 2003ರ ಅಕ್ಟೋಬರ್ ಎರಡನೆಯ ವಾರ. ಉಳಿದವರ ಸೇಬೆಲ್ಲ ಮಾಗಿ, ಉದುರಿ, ಜಾಮ್ ಆಗಿ ಬಾಟಲಿ ಸೇರಿತ್ತು. ನಾಗವ್ವನ ಗಿಡದಲ್ಲಿ ಮಾತ್ರ ಕಾಯಿಗಳು ಹಸಿರಾಗಿ, ಕಲ್ಲಿನಂತೆ ಗಟ್ಟಿಯಾಗಿ ನೇತಾಡುತ್ತಿದ್ದವು. ಪಕ್ಕದ ತುಂಡಿನ ವಿಲ್‌ಫ್ರೆಡ್‌ನದೂ ಅದೇ ಜಾತಿಯ ಗಿಡ, ಒಂದೇ ದಿನ ನೆಟ್ಟದ್ದು. ಅದು ಸೆಪ್ಟೆಂಬರ್‌ನಲ್ಲೇ ಬರಿದಾಗಿತ್ತು.

ಸಂಘದ ಹಣ್ಣಿನ ಪ್ರದರ್ಶನ ಅಕ್ಟೋಬರ್ ಕೊನೆಯ ಶನಿವಾರ. ಎಲ್ಲರೂ ಶೆಡ್ಡಿನಲ್ಲಿ ಕಾಗದ ಸುತ್ತಿಟ್ಟ, ಸುಕ್ಕು ಬಿದ್ದ ಹಣ್ಣು ತರುತ್ತಾರೆ. ಅದೇ ಬೆಳಿಗ್ಗೆ ಗಿಡದಿಂದ ಕಿತ್ತು ತಂದವರ ಮುಂದೆ ಅವು ಯಾವ ಲೆಕ್ಕ? ಹೋದ ವರ್ಷ ಕಪ್ ಗೆದ್ದವನು ವಿಲ್‌ಫ್ರೆಡ್. ನಾಗವ್ವನ ಹಣ್ಣನ್ನು ಜಡ್ಜ್ ಮೂಸಿಯೂ ನೋಡಿರಲಿಲ್ಲ. ಶ್ರೀರಂಗನಿಗೆ ಇಷ್ಟು ಸಾಕಾಗಿತ್ತು.

"ಚಂಬಲ್ಲಿ ಏನಮ್ಮಾ ಅದು?"

"ಔಷಧ ಐತ್ರಿ. ಕಾಯಿ ಹಣ್ಣಾಗದಂಗ ತಡೀತದ."

ಒಂದು ಸುಳ್ಳಾದರೂ ಹೇಳಬಾರದೇ ಈ ಹೆಂಗಸು! ಸಿಕ್ಕಿಬಿದ್ದವಳು ಅವಳು, ತಬ್ಬಿಬ್ಬಾದವನು ಶ್ರೀರಂಗ. ಅವಳು ಏಣಿಯ ಮೇಲೆ ನಿಂತೇ ಎಲ್ಲ ಹೇಳಿಬಿಟ್ಟಳು. ಗಂಡ ಮಹಾಲಿಂಗಪ್ಪ ಮೂವತ್ತು ವರ್ಷ ಹಣ್ಣಿನ ಸಂಶೋಧನಾ ತೋಟವೊಂದರಲ್ಲಿ ಔಷಧ ಹೊಡೆಯುವ ಕೆಲಸದಲ್ಲಿದ್ದವನು. ಅಲ್ಲಿಯ ಹಳೆಯ ಗೆಳೆಯನಿಂದ ಬಾಟಲಿ ಬಂದಿದೆ. ಸಿಂಪಡಿಸಿದರೆ ಗಾಳಿಗೆ ಹೋಗುತ್ತದೆಂದು ಒಂದೊಂದೇ ಕಾಯಿ ಅದ್ದುತ್ತಾಳೆ. ವಿಜಾಪುರದ ತವರಿಗೆ ಹೋದಾಗ ಅಣ್ಣನ ತೋಟದಲ್ಲಿ ದ್ರಾಕ್ಷಿ ಗೊನೆಗಳನ್ನು ಹೀಗೆಯೇ ಔಷಧದಲ್ಲಿ ಅದ್ದಿ ಅಭ್ಯಾಸ.

ಶ್ರೀರಂಗ ನಿಯಮ ಓದಿ ಹೇಳಿದ. ಹಾರ್ಮೋನ್ ಔಷಧ ಬಳಸಿದರೆ ತೋಟ ವಾಪಸು, ಗಿಡಕ್ಕೆ ಗರಗಸ. ಹದಿನೆಂಟು ವರ್ಷದ ತೋಟ ಅದು. ಅವನಿಗೂ ಅಯ್ಯೋ ಅನ್ನಿಸಿತು. ಇವತ್ತೇ ಎಲ್ಲ ಕಾಯಿ ಕಿತ್ತುಬಿಟ್ಟರೆ ಬರೀ ಎಚ್ಚರಿಕೆ ಕೊಟ್ಟು ಮುಗಿಸುತ್ತೇನೆ ಎಂದ. ನಾಗವ್ವ ನಲವತ್ತನೆಯ ಕಾಯಿ ಅದ್ದಿದಳು.

"ಔಷಧ ಯಾವಾಗ ನಿಲ್ಲಿಸ್ತೀರಿ? ಪ್ರದರ್ಶನಕ್ಕೆ ವಾರ ಇದ್ದಾಗಲೋ?"

"ನಿಲ್ಲಸೂದಿಲ್ರಿ."

"ಯಾರ ಮೇಲಮ್ಮಾ ಇಷ್ಟು ಹಟ?"

"ಒಬ್ಬಾಂವ ಅದಾನ್ರಿ. ಬರೇ ಗೆದ್ದs ಗೊತ್ತು ಅವಂಗ. ಈ ಸಲ ಬಿಟ್ಟುಕೊಡಾಂಗಿಲ್ಲ. ತ್ವಾಟಾ ಹೋದ್ರ ಹೋಗ್ಲಿ."

ಶ್ರೀರಂಗ ವಿಲ್‌ಫ್ರೆಡ್‌ನ ತುಂಡಿನ ಕಡೆ ನೋಡಿ ನಿಟ್ಟುಸಿರುಬಿಟ್ಟ.

ವಿಷಯ ಕೇಳಿ ವಿಲ್‌ಫ್ರೆಡ್ ನೊಂದುಕೊಂಡ. ಉಡುಪಿ ಕಡೆಯ ಮೃದು ಮನುಷ್ಯ. ಮರುದಿನವೇ ಕಪ್ಪನ್ನು ಒರೆಸಿ, ಚೀಲದಲ್ಲಿಟ್ಟುಕೊಂಡು ಬಂದು, ಇದು ನೀವೇ ಇಟ್ಟುಕೊಳ್ಳಿ, ನನ್ನಿಂದಾಗಿ ತೋಟ ಕಳೆದುಕೊಳ್ಳಬೇಡಿ ಎಂದು ಅಂಗಲಾಚಿದ. ನಾಗವ್ವ ಅವನಿಗೆ ಚಹಾ ಕೊಟ್ಟಳು, ಕಪ್ಪನ್ನು ಅದೇ ಚೀಲಕ್ಕೆ ಹಾಕಿ ವಾಪಸು ಕಳಿಸಿದಳು. ಎಂಥ ಸೊಕ್ಕು ಎಂದರು ಸಂಘದವರು. ಅಲ್ಲಿಯವರೆಗೆ ಅವಳ ಪರ ಇದ್ದ ಇಬ್ಬರೂ ಸಂಘದ ಸಭೆಯಲ್ಲಿ ವಿರುದ್ಧ ಕೈ ಎತ್ತಿದರು. ತೋಟ ವಾಪಸು ಎಂದು ತೀರ್ಮಾನವಾಯಿತು.

ತೋಟ ಮಹಾಲಿಂಗಪ್ಪನ ಹೆಸರಲ್ಲಿತ್ತು. ಬಿಟ್ಟುಕೊಡುವ ಕಾಗದಕ್ಕೆ ಅವನ ಸಹಿಯೇ ಬೇಕು. ಜೂನ್‌ನಿಂದ ಅವನು ತೋಟದ ಕಡೆ ತಲೆ ಹಾಕಿರಲಿಲ್ಲ. ಸೊಂಟ ನೋವು ಎನ್ನುತ್ತಿದ್ದಳು ನಾಗವ್ವ. ಹೆಂಡತಿಯ ಈ ಕಿತಾಪತಿ ನೋಡಲಾಗದೆ ದೂರ ಉಳಿದಿರಬೇಕು ಎಂದುಕೊಂಡ ಶ್ರೀರಂಗ. ನಾಲ್ಕು ಬುದ್ಧಿಮಾತನ್ನೂ ಸಿದ್ಧ ಮಾಡಿಕೊಂಡು ಅವರ ಮನೆಗೆ ಹೋದ.

ಬಾಗಿಲು ತೆರೆದ ನಾಗವ್ವ ನೇರ ಅಡುಗೆಮನೆಗೆ ನಡೆದಳು. ಮುಂದಿನ ಕೋಣೆಯಲ್ಲಿ ಸೋಫಾ ಇರಬೇಕಾದ ಕಡೆ ಆಸ್ಪತ್ರೆಯ ಮಂಚವಿತ್ತು. ಅದರಲ್ಲಿ ಮಹಾಲಿಂಗಪ್ಪನ ಕಣ್ಣು, ಮೂಗು, ಎಲುಬು ಮಾತ್ರ ಉಳಿದಿದ್ದವು. ಶ್ರೀರಂಗ ಕಾಗದವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

"ಹೊರಗ ತಗೀರಿ, ನನಗ ಗೊತ್ತೈತಿ. ಔಷಧದ ಅಳತಿ ಹೇಳಿಕೊಟ್ಟಾಂವ ನಾನs," ಎಂದ ಮಹಾಲಿಂಗಪ್ಪ.

ಶ್ರೀರಂಗ ಕಾಗದವನ್ನು ಮತ್ತೆ ಮುಂದಕ್ಕೆ ತಂದ.

"ಜೂನ್‌ದಾಗ ಡಾಕ್ಟರು ಹೇಳಿದ್ರು, ಈ ಮನಷ್ಯಾ ಸೆಪ್ಟೆಂಬರ್ ದಾಟೂದಿಲ್ಲ ಅಂತ. ನನ್ನ ಗಿಡದ ಹಣ್ಣ ತಿಂದs ಹೋಗ್ತೀನಿ, ಅದಕ್ಕ ಮೊದಲ ಹೋಗೂದಿಲ್ಲ ಅಂತ ನಾ ಆಣಿ ಮಾಡಿದೆ. ಇಕಿ ಆ ಮಾತು ಗಟ್ಟಿ ಹಿಡದಾಳ. ಹಣ್ಣಾಗಾಕs ಬಿಡವಲ್ಲಳು. ಇವತ್ತ ಅಕ್ಟೋಬರ್ ಇಪ್ಪತ್ತು ಆತ್ರಿ."

ಕೈ ಚಾಚಿ ಕಾಗದ ಇಸಿದುಕೊಂಡ. ನಿಧಾನವಾಗಿ, ಪೂರ್ತಿ ಹೆಸರು ಬರೆದು ವಾಪಸು ಕೊಟ್ಟ.

"ಕಡಸ್ರಿ ಗಿಡಾ. ಹಣ್ಣs ಇಲ್ಲಂದ ಮ್ಯಾಲ ನನ್ನ ಯಾಂವ ಕರಕೊಂಡ ಹೋಗ್ತಾನ, ನೋಡೇ ಬಿಡೋಣು."